ಲಿಪ್‌ಸ್ಟಿಕ್ ಹಚ್ಚಿದರೂ ಮಾತು, ಹಚ್ಚದಿದ್ದರೂ ಮಾತು

ಹೆಂಗಸರು ಮೇಕಪ್ ಯಾಕೆ ಮಾಡ್ಕೊಳ್ತಾರೆ ಅನ್ನುವ ಚರ್ಚೆ ಎದ್ದಾಗಲೆಲ್ಲ ಎರಡೇ ಉತ್ತರ ಕೇಳಿಬರುತ್ತವೆ. ಗಂಡಸರನ್ನು ಸೆಳೆಯೋಕೆ ಅಂತ ಒಂದು ಕಡೆ, ನಮ್ಮ ಖುಷಿಗೆ ಅಂತ ಇನ್ನೊಂದು ಕಡೆ. ಯಾರೂ ಪಟ್ಟು ಬಿಡುವುದಿಲ್ಲ. ಆದರೆ ಬೆಂಗಳೂರಿನಲ್ಲಿ ದಿನಾ ಬೆಳಗ್ಗೆ ಮುಖ ತಿದ್ದಿಕೊಂಡು ಕೆಲಸಕ್ಕೆ ಓಡುವ ಎಷ್ಟೋ ಹೆಣ್ಣುಮಕ್ಕಳ ಪಾಡು ಈ ಎರಡರಲ್ಲೂ ಸಿಗುವುದಿಲ್ಲ. ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರೋಣ.

ಅಲಂಕಾರ ನಮಗೆ ಹೊಸದಲ್ಲ. ಬೇಲೂರಿನ ದರ್ಪಣ ಸುಂದರಿ 900 ವರ್ಷದಿಂದ ಕನ್ನಡಿ ಹಿಡಿದು ನಿಂತಿದ್ದಾಳೆ. ಅರಿಶಿನ, ಕುಂಕುಮ, ಕಾಡಿಗೆ ಮನೆಮನೆಯಲ್ಲೂ ಇತ್ತು. ಆದರೆ ಯಾರು ಹಚ್ಚಬಹುದು, ಯಾವಾಗ ನಿಲ್ಲಿಸಬೇಕು ಅನ್ನೋದು ಹಚ್ಚಿಕೊಳ್ಳುವವಳ ಕೈಯಲ್ಲಿ ಇರಲಿಲ್ಲ. ಗಂಡ ಸತ್ತ ಮೇಲೆ ಅವಳ ಹಣೆಯ ಕುಂಕುಮ ಅಳಿಸುತ್ತಿದ್ದವರು ಬೇರೆಯವರು. ನಾಟಕದಲ್ಲಿ ಬಣ್ಣ ಹಚ್ಚುವ ಹೆಣ್ಣು ಅಂದರೆ ಮೂಗು ಮುರಿಯುತ್ತಿದ್ದರು. ಯಕ್ಷಗಾನದ ಚೌಕಿಯಲ್ಲಿ ತುಂಬಾ ಹೊತ್ತು ಕೂತು ಬಣ್ಣ ಬರೆದುಕೊಳ್ಳುವ ಗಂಡಸನ್ನು ಮಾತ್ರ ಯಾಕೆ ಅಂತ ಯಾರೂ ಕೇಳಲಿಲ್ಲ. ಅದನ್ನು ಕಲೆ ಅಂತ ಗೌರವಿಸಿದೆವು, ಗೌರವಿಸಬೇಕಾದದ್ದೇ.

ಆಮೇಲೆ ಮಾರುಕಟ್ಟೆ ಬಂತು. 1952ರಲ್ಲಿ ಟಾಟಾದವರು ಲ್ಯಾಕ್ಮೆ ಶುರು ಮಾಡಿದರು, 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. ಆ ಹೆಸರಿನಿಂದ ‘ಫೇರ್’ ಬಿಟ್ಟುಹೋಗೋಕೆ 2020 ಆಗಬೇಕಾಯಿತು. ಕಪ್ಪಗಿರೋ ಹುಡುಗಿಗೆ ಗಂಡು ಸಿಗೋದು ಕಷ್ಟ ಅನ್ನುವ ಮಾತು ಅದಕ್ಕಿಂತ ಹಳೆಯದು, ಇನ್ನೂ ಹೋಗಿಲ್ಲ.

ಬೆಂಗಳೂರಿನ ಮಟ್ಟಿಗೆ ಇದೆಲ್ಲ ಒಟ್ಟಿಗೆ ಬೀದಿಗೆ ಬಂದದ್ದು 1996ರಲ್ಲಿ. ಎರಡು ವರ್ಷ ಹಿಂದಷ್ಟೇ ಸುಶ್ಮಿತಾ ಸೇನ್ ಮಿಸ್ ಯೂನಿವರ್ಸ್, ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆಗಿ ದೇಶವೇ ಕುಣಿದಿತ್ತು. ಈಗ ಮಿಸ್ ವರ್ಲ್ಡ್ ಸ್ಪರ್ಧೆಯೇ ನಮ್ಮೂರಿಗೆ ಬಂತು, ನವೆಂಬರ್ 23ಕ್ಕೆ, ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ. ಊರು ಎರಡಾಯಿತು. ರೈತ ಸಂಘದವರು ಬಹುರಾಷ್ಟ್ರೀಯ ಕಂಪನಿಗಳ ಹುನ್ನಾರ ಅಂದರು, ಮಹಿಳಾ ಸಂಘಟನೆಗಳು ಹೆಣ್ಣಿನ ದೇಹವನ್ನು ಸರಕು ಮಾಡ್ತಿದ್ದಾರೆ ಅಂದವು, ಇನ್ನು ಕೆಲವರಿಗೆ ನಮ್ಮ ಸಂಸ್ಕೃತಿ ಹಾಳಾಗುತ್ತದೆ ಅನ್ನುವ ಸಿಟ್ಟು. ಮದುರೈನಲ್ಲಿ ಒಬ್ಬ ಯುವಕ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆಯ ಸುತ್ತನ್ನು ಸೀಶೆಲ್ಸ್‌ಗೆ ಸಾಗಿಸಿದರು. ಪೊಲೀಸ್ ಸರ್ಪಗಾವಲಿನಲ್ಲಿ ಕಾರ್ಯಕ್ರಮ ಮುಗಿಯಿತು, ಗ್ರೀಸ್‌ನ ಹುಡುಗಿ ಗೆದ್ದಳು. ವಿರೋಧಿಸಿದ ಮಹಿಳಾ ಸಂಘಟನೆಗಳ ಮಾತಿನಲ್ಲಿ ತೂಕವಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಆದರೆ ಸಂಸ್ಕೃತಿಯ ಗದ್ದಲದಲ್ಲಿ ಅದು ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ.

ಮುಂದಿನ ವರ್ಷಗಳಲ್ಲಿ ಮಾಲ್, ಶೋರೂಮ್, ಹೋಟೆಲ್ ರಿಸೆಪ್ಷನ್ ಅಂತ ಕೆಲಸಗಳು ಜಾಸ್ತಿಯಾದವು. ಮುಖವೂ ಕೆಲಸದ ಭಾಗವಾಯಿತು. ಚಿನ್ನದಂಗಡಿಯ ಕೌಂಟರ್‌ನಲ್ಲಿ ನಿಲ್ಲುವ ನನ್ನ ಪರಿಚಯದ ಹುಡುಗಿಗೆ ಸೇರಿದ ದಿನವೇ ಲಿಪ್‌ಸ್ಟಿಕ್ ಕೆಂಪಗಿರಬೇಕು, ತೀರಾ ಗಾಢ ಬೇಡ ಅಂತ ಹೇಳಿದರಂತೆ. ಮಧ್ಯಾಹ್ನ ಡಬ್ಬಿ ಊಟ ಮುಗಿಸಿ, ಅಳಿಸಿಹೋದದ್ದನ್ನು ಮತ್ತೆ ಹಚ್ಚಿಕೊಂಡೇ ಕೌಂಟರ್‌ಗೆ ಬರಬೇಕು. ದುಡ್ಡು ಅವಳ ಸಂಬಳದ್ದೇ. ಪಕ್ಕದಲ್ಲಿ ನಿಲ್ಲುವ ಹುಡುಗನಿಗೆ ಶೇವ್ ಮಾಡಿ ಇಸ್ತ್ರಿ ಶರ್ಟ್ ಹಾಕಿದರೆ ಸಾಕು. ಸಂಜೆ ಬಸ್ ಇಳಿಯುವ ಮುಂಚೆ ಅವಳು ಕರ್ಚೀಫಿನಿಂದ ತುಟಿ ಒರೆಸಿಕೊಳ್ಳುತ್ತಾಳೆ, ಬೀದಿಯವರು ಏನಾದ್ರೂ ಅಂತಾರೆ ಅಂತ. ಒಂದೇ ಬಣ್ಣ, ಇಲ್ಲದಿದ್ದರೆ ಅಂಗಡಿಯಲ್ಲಿ ಬೈಗುಳ, ಇದ್ದರೆ ಬೀದಿಯಲ್ಲಿ ಬೈಗುಳ.

ಯಾವ ಅಲಂಕಾರ ಒಪ್ಪಿತ, ಯಾವುದು ಅಲ್ಲ ಅನ್ನುವ ಗೆರೆ ತೆರಿಗೆಯಲ್ಲೂ ಕಾಣುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಕುಂಕುಮ, ಬಿಂದಿ, ಸಿಂಧೂರಕ್ಕೆ ತೆರಿಗೆಯೇ ಇರಲಿಲ್ಲ. ಲಿಪ್‌ಸ್ಟಿಕ್‌ಗೆ ಶೇ 28, ಅದೇ ನವೆಂಬರ್‌ನಲ್ಲಿ ಅದು ಶೇ 18ಕ್ಕೆ ಇಳಿಯಿತು. ಕಾಡಿಗೆಯದ್ದು ಇನ್ನೂ ವಿಚಿತ್ರ: ಮಾಮೂಲಿ ಕಾಡಿಗೆಗೆ ಸೊನ್ನೆ, ಪೆನ್ಸಿಲ್ ಕಾಡಿಗೆಗೆ ಶೇ 18. ಸ್ಯಾನಿಟರಿ ಪ್ಯಾಡ್‌ಗೆ 2018ರ ಜುಲೈವರೆಗೂ ಶೇ 12 ಕಟ್ಟಬೇಕಿತ್ತು. ಮುತ್ತೈದೆಯ ಗುರುತು ಅಗತ್ಯ, ತಿಂಗಳ ಮುಟ್ಟು ಅಲ್ಲ ಅನ್ನುವ ಹಾಗಾಯಿತು, ಅಲ್ವಾ?

ಹಾಗಂತ ಖುಷಿಗೆ ಹಚ್ಚಿಕೊಳ್ತೀನಿ ಅನ್ನುವವರ ಮಾತು ಸುಳ್ಳಲ್ಲ. ಕಣ್ಣಿಗೆ ಕಾಡಿಗೆ ಎಳೆದಾಗ ಬರುವ ಹುರುಪು ನಿಜ. ಬೇಡ ಅನಿಸಿದ ದಿನ ಸುಮ್ನೆ ಮುಖ ತೊಳೆದುಕೊಂಡು ಕೆಲಸಕ್ಕೆ ಹೋಗುವ ಹಾಗೂ ಇರಬೇಕು ಅನ್ನೋದಷ್ಟೇ ನನ್ನ ಮಾತು.

ಇನ್ನೊಂದು ವಿಷಯ ಬಹಳ ಜನ ಗಮನಿಸಿಲ್ಲ. ಮುಂಬೈ ಸಿನಿಮಾ ರಂಗದ ಮೇಕಪ್ ಕಲಾವಿದರ ಸಂಘ ದಶಕಗಳ ಕಾಲ ಹೆಂಗಸರಿಗೆ ಮೇಕಪ್ ಕಲಾವಿದೆಯ ಕಾರ್ಡೇ ಕೊಡುತ್ತಿರಲಿಲ್ಲ. ಕೂದಲು ಬಾಚುವ ಕೆಲಸ ಮಾಡಬಹುದಿತ್ತು, ಮುಖ ಮುಟ್ಟುವ ಹಾಗಿರಲಿಲ್ಲ, ಗಂಡಸರ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತದೆ ಅಂತ. ಚಾರು ಖುರಾನಾ ಎಂಬ ಕಲಾವಿದೆ ಕೋರ್ಟ್ ಮೆಟ್ಟಿಲೇರಿ, 2014ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ತೆಗೆದುಹಾಕಿತು. ಬೆಂಗಳೂರಿನ ಛತ್ರಗಳಲ್ಲಿ ಈಗ ಮುಹೂರ್ತಕ್ಕೆ ಮುಂಚೆಯೇ, ಇನ್ನೂ ಕತ್ತಲಿರುವಾಗ, ಟ್ರಾಲಿ ಬ್ಯಾಗ್ ಎಳೆದುಕೊಂಡು ಬಂದು ಮದುಮಗಳ ಮುಂದೆ ಕೂರುವವರಲ್ಲಿ ಹೆಂಗಸರೇ ಜಾಸ್ತಿ. ಮದುವೆ ಸೀಸನ್ನಿನ ಆ ದುಡ್ಡಿನಲ್ಲೇ ಎಷ್ಟೋ ಮನೆಗಳ ಬಾಡಿಗೆ, ಮಕ್ಕಳ ಸ್ಕೂಲ್ ಫೀಸು ನಡೆಯುತ್ತಿದೆ.