ಹಿಂಬರಹ ಕೊಟ್ಟಿದ್ದಾರಾ?

ಅಂಗವಿಕಲರ ಮಾಸಾಶನ ಯಾಕೆ ಸಿಗಲಿಲ್ಲ ಅಂತ ಶಿರಸಿಯಲ್ಲಿ ಕೇಳಿ ನೋಡಿ. ಒಬ್ಬರು ಆಸ್ಪತ್ರೆ ಕಡೆ ಕೈ ತೋರಿಸುತ್ತಾರೆ, ಇನ್ನೊಬ್ಬರು ತಾಲ್ಲೂಕು ಕಚೇರಿ ಕಡೆ. ಇಬ್ಬರದೂ ಸರಿಯೇ, ಗೋಜಲು ಶುರುವಾಗುವುದೇ ಅಲ್ಲಿ. ಈ ಮಾಸಾಶನಕ್ಕೆ ಎರಡು ಬಾಗಿಲು. ಮೊದಲನೆಯದರಲ್ಲಿ ವೈದ್ಯರು ವೈಕಲ್ಯ ಶೇಕಡಾ ಎಷ್ಟು ಅಂತ ಅಳೆಯುತ್ತಾರೆ. ಎರಡನೆಯದರಲ್ಲಿ ಕಂದಾಯ ಇಲಾಖೆ ದುಡ್ಡು ಮಂಜೂರು ಮಾಡುತ್ತದೆ. ‘ಇಲ್ಲ’ ಅಂದದ್ದು ಯಾವ ಬಾಗಿಲಲ್ಲಿ ಅನ್ನುವುದು ಗೊತ್ತಾಗದೆ ಮೇಲ್ಮನವಿ ಎಲ್ಲಿಗೆ ಅನ್ನುವುದೂ ಗೊತ್ತಾಗುವುದಿಲ್ಲ.

ಮಾಸಾಶನಕ್ಕೆ ವೈಕಲ್ಯ ಕನಿಷ್ಠ ಶೇ 40 ಇರಬೇಕು. ಈ ಗೆರೆ 1995ರ ಅಂಗವಿಕಲರ ಕಾಯ್ದೆಯದು. ಆಗ ಪಟ್ಟಿಯಲ್ಲಿದ್ದದ್ದು 7 ಬಗೆಯ ವೈಕಲ್ಯ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು, ಗೆರೆಯನ್ನು ಇದ್ದಲ್ಲೇ ಬಿಟ್ಟಿತು. 2021ರ ಜೂನ್‌ನಿಂದ ಪ್ರಮಾಣಪತ್ರ ಬರುವುದು ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ಪೋರ್ಟಲ್ ಮೂಲಕವೇ. ಅಂಚೆಯಣ್ಣ ತರುತ್ತಿದ್ದ ಮಾಸಾಶನದ ಮನಿಆರ್ಡರ್ ಬ್ಯಾಂಕಿಗೆ ಹೋಯಿತು, ಆಮೇಲೆ ಆಧಾರ್ ಜೊತೆ ಗಂಟು ಬಿತ್ತು. ಶೇ 40 ದಾಟಿದವರಿಗೆ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400.

ನನಗೆ ಹತ್ತಿರದಿಂದ ಗೊತ್ತಿರುವುದು ತಿರಸ್ಕಾರದ ನಂತರದ ದಿನಗಳು. ನಮ್ಮೂರಿನ ಕೊನೆಗೌಡರೊಬ್ಬರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು, ಅಡಿಕೆ ಮರದಿಂದ ಬಿದ್ದರು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ತಪಾಸಣೆಯಲ್ಲಿ ಸೊಂಟಕ್ಕೆ 25, ಕಾಲಿಗೆ 15 ಅಂತ ಬರೆದರು. 25ಕ್ಕೆ 15 ಸೇರಿದರೆ 40, ಅಲ್ವಾ? ಮನೆಯವರು ಅಷ್ಟು ಲೆಕ್ಕ ಹಾಕಿ ನಿಶ್ಚಿಂತೆಯಿಂದಿದ್ದರು. ಕೈಗೆ ಬಂದದ್ದು 36.

ಯಾರೋ ತಪ್ಪು ಕೂಡಿಸಿದ್ದಲ್ಲ. ಎರಡು ವೈಕಲ್ಯ ಇದ್ದಾಗ ಸುಮ್ನೆ ಕೂಡಿಸುವ ಹಾಗಿಲ್ಲ. ದೊಡ್ಡ ಸಂಖ್ಯೆಯನ್ನು 90ರಿಂದ ಕಳೆಯಬೇಕು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ 90ರಿಂದ ಭಾಗಿಸಬೇಕು, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. ಸೂತ್ರ ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. 15ಕ್ಕೆ ಸಿಗುವುದು 11ರಷ್ಟು ಬೆಲೆ ಮಾತ್ರ. ಇದನ್ನು ಆ ದಿನ ಯಾರಾದರೂ ಕೂತು ವಿವರಿಸಿದ್ದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಅವರಿಗೆ ಸಿಕ್ಕ ವಿವರಣೆ ಒಂದೇ ಶಬ್ದ, “ಬರೂದಿಲ್ಲ.”

ಊರಿಗೆ ಬಂದಾಗ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತೆ ಕೇಳಿದ ಮೊದಲ ಪ್ರಶ್ನೆ, “ಹಿಂಬರಹ ಕೊಟ್ಟಿದ್ದಾರಾ?” ಕೊಟ್ಟಿರಲಿಲ್ಲ. ಕೊನೆಗೌಡರೂ ಕೇಳಿರಲಿಲ್ಲ. ಕೇಳಬಹುದು ಅಂತ ಯಾರಿಗೆ ಗೊತ್ತು?

ಹಿಂಬರಹ ಅಂದರೆ ಯಾಕೆ ಇಲ್ಲ ಅಂತ ಕಚೇರಿ ಬರೆದುಕೊಡುವ ಕಾಗದ. ಇಡೀ ವಿಷಯದ ಗಂಟು ಅದೇ ಅಂತ ನನಗೆ ಅನ್ನಿಸುತ್ತದೆ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಅಂತ 2017ರ ನಿಯಮದಲ್ಲಿದೆ. ಬಾಯಿಮಾತಿನ ‘ಇಲ್ಲ’ದ ಮೇಲೆ ಮೇಲ್ಮನವಿ ಬರೆಯುವುದಾದರೂ ಹೇಗೆ? ಏನನ್ನು ಪ್ರಶ್ನಿಸುತ್ತೀರಿ, ಯಾವ ತಾರೀಕಿನ ಆದೇಶ ಅಂತ ಮೇಲಿನವರು ಕೇಳುತ್ತಾರೆ. ನಿಮ್ಮ ಹತ್ತಿರ ಇರುವುದು ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಎಕ್ಸ್‌ರೇ ಒಂದೇ.

ಎರಡನೇ ಬಾಗಿಲಿನ ಕತೆ ಸ್ವಲ್ಪ ವಾಸಿ. ಆಧಾರಿನಲ್ಲಿ ಒಂದು ಹೆಸರು, ಪ್ರಮಾಣಪತ್ರದಲ್ಲಿ ಇನ್ನೊಂದು. ಆದಾಯ ಜಾಸ್ತಿ. ಬೇರೆ ಮಾಸಾಶನ ಆಗಲೇ ಬರುತ್ತಿದೆ. ತಾಲ್ಲೂಕು ಮಟ್ಟದಲ್ಲಿ ಅರ್ಜಿ ನಿಲ್ಲುವುದು ಇಂಥ ಕಾರಣಕ್ಕೆ. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನುವ ಸಕಾಲ 2012ರ ಏಪ್ರಿಲ್‌ನಲ್ಲಿ ಶುರುವಾದ ಮೇಲೆ ಇಲ್ಲಿ ಒಂದು ಹಿಡಿತ ಸಿಕ್ಕಿತು. ನಾಡಕಚೇರಿಯ ಸ್ವೀಕೃತಿ ಚೀಟಿಯಲ್ಲಿ 15 ಅಂಕಿಯ ನಂಬರ್ ಇರುತ್ತದೆ, ಅದನ್ನು ಕಳೆದುಕೊಳ್ಳಬೇಡಿ. ತಿರಸ್ಕಾರವಾಗಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅದು ಹೋಗುವುದು ಉಪವಿಭಾಗಾಧಿಕಾರಿಗೆ, ನಮ್ಮ ಕಡೆ ಹೇಳುವ ಎಸಿ ಆಫೀಸಿಗೆ. ಅದು ಶಿರಸಿಯಲ್ಲೇ ಇದೆ. ಆದರೂ ಎಷ್ಟೋ ಜನ ಬೆಳಗಿನ ಬಸ್ಸು ಹತ್ತಿ ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ ಕಾರವಾರಕ್ಕೆ ಹೋಗುತ್ತಾರೆ. ದೊಡ್ಡ ಆಫೀಸಿಗೆ ಹೋದರೆ ದೊಡ್ಡ ಕೆಲಸ ಆಗುತ್ತದೆ ಎಂಬ ನಂಬಿಕೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಸಕಾಲದಲ್ಲಿ ಇದೆ. ಅದನ್ನು ಇಸಿದುಕೊಂಡು ಬಂದವರು ನನ್ನ ಕಣ್ಣಿಗಂತೂ ಬಿದ್ದಿಲ್ಲ.

ನಮ್ಮ ಕೊನೆಗೌಡರದ್ದು ಮೊದಲನೇ ಬಾಗಿಲು. 2016ರ ಕಾಯ್ದೆಯ 59ನೇ ಸೆಕ್ಷನ್ ಮೇಲ್ಮನವಿಯ ಹಕ್ಕು ಕೊಡುತ್ತದೆ. ಯಾರ ಮುಂದೆ, ಎಷ್ಟು ದಿನದಲ್ಲಿ ಹಾಕಬೇಕು ಎಂಬುದನ್ನು ರಾಜ್ಯಕ್ಕೆ ಬಿಟ್ಟಿದೆ. ಇಷ್ಟು ದಿನದಲ್ಲಿ ತೀರ್ಮಾನ ಆಗಲೇಬೇಕು ಅನ್ನುವ ಮಾತು ಆ ಸೆಕ್ಷನ್‌ನಲ್ಲಿ ಇಲ್ಲ. ಪ್ರಮಾಣಪತ್ರ ಕೊಡಲು ಇದ್ದ ಒಂದು ತಿಂಗಳ ಗಡುವನ್ನೂ 2024ರ ಅಕ್ಟೋಬರ್‌ನ ತಿದ್ದುಪಡಿ ಮೂರು ತಿಂಗಳು ಮಾಡಿತು. ಆಸ್ಪತ್ರೆಗಳಲ್ಲಿ ತಜ್ಞರ ಕೊರತೆ ಇರುವಾಗ ಅದಕ್ಕೂ ಕಾರಣ ಇದ್ದೀತು. ಆದರೆ ಕಾಯುವವನ ಮನೆಯ ಅಕ್ಕಿ ಡಬ್ಬಿಗೆ ತಿದ್ದುಪಡಿ ಬರುವುದಿಲ್ಲ.

ಕೊನೆಗೂ ಹಿಂಬರಹ ಸಿಕ್ಕಿತು, ಕೈಬರಹದಲ್ಲಿ ನಾಲ್ಕು ಸಾಲು. ಮೇಲ್ಮನವಿ ಹೋಯಿತು. ಮರುತಪಾಸಣೆಗೆ ಕಾರವಾರಕ್ಕೆ ಬರಹೇಳಿದರು. ಬಸ್ಸಿನಲ್ಲಿ ಹೆಂಡತಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್, ಇವರಿಗೆ ಪೂರ್ತಿ ದರ. ಅಂಗವಿಕಲರ ಪಾಸಿಗೂ ಶೇ 40 ಬೇಕು. ಇದ್ದರೂ ಅದು ಮನೆಯಿಂದ 100 ಕಿಲೋಮೀಟರ್‌ವರೆಗೆ ಮಾತ್ರ, ಶಿರಸಿಯಿಂದ ಕಾರವಾರ ಅದಕ್ಕಿಂತ ದೂರ. “ಸೊಂಟ ಮುರಿದವ ದುಡ್ಡು ಕೊಟ್ಟ, ಗಟ್ಟಿಯಿದ್ದವಳು ಪುಕ್ಕಟೆ ಬಂದ್ಲು,” ಅಂತ ಅವರೇ ನಕ್ಕರು. ಘಟ್ಟದ ತಿರುವುಗಳಲ್ಲಿ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ಅದಾಗಿ ಏಳು ತಿಂಗಳು. ಅಡಿಕೆ ಕೊನೆ ಕೊಯ್ಲು ಮತ್ತೆ ಬಂದಿದೆ. ಅವರ ಮರಗಳನ್ನು ಈಗ ಬೇರೆಯವರು ಹತ್ತುತ್ತಾರೆ. ಇವರು ಅಂಗಳದಲ್ಲಿ ಗೋಡೆಗೆ ಒರಗಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕು. ಮೊನ್ನೆ ಹೋದಾಗ ಕೈ ಒರೆಸಿಕೊಂಡು ಅಂಗಿ ಜೇಬಿನಿಂದ ಮೇಲ್ಮನವಿಯ ಚೀಟಿ ತೆಗೆದರು. “ತಮ್ಮಾ, ನಿನ್ನ ಮೊಬೈಲಲ್ಲಿ ಮತ್ತೊಂದ್ ಸಲ ನೋಡು.” ಸಿಗ್ನಲ್ ಸಿಗಲು ಗದ್ದೆ ಬದುವಿನವರೆಗೆ ನಡೆದೆ. ನಂಬರ್ ಹಾಕಿದೆ. ಪರಿಶೀಲನೆಯಲ್ಲಿದೆ ಅಂತ ಬಂತು.