ಒಂದು ಕಾಯಿಲೆ, ಹಲವು ಹೆಸರು

ಪ್ರಬಂಧದ ರೂಪುರೇಷೆ, ಅಂದರೆ ಸಿನಾಪ್ಸಿಸ್, ಸಲ್ಲಿಸುವ ಗಡುವಿಗೆ ಇನ್ನು ಒಂಬತ್ತೇ ದಿನ ಇತ್ತು. ಸಮುದಾಯ ವೈದ್ಯಕೀಯ ವಿಭಾಗದ ಎಂ.ಡಿ. ವಿದ್ಯಾರ್ಥಿಯೊಬ್ಬರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನನ್ನ ಮೇಜಿನ ಬಳಿ ಬಂದು ನಿಂತರು. ಊರು ತೀರ್ಥಹಳ್ಳಿ ಕಡೆ. ವಿಷಯ ಮಂಗನ ಕಾಯಿಲೆಯ ಲಸಿಕೆ: ಮಲೆನಾಡಿನ ಜನರಲ್ಲಿ ಯಾರು ಅದನ್ನು ಹಾಕಿಸಿಕೊಂಡರು, ಯಾರು ಬೇಡವೆಂದರು, ಏಕೆ. ಒಳ್ಳೆಯ ವಿಷಯವೇ. ಆದರೆ ಕರಡಿನ ಎರಡನೆಯ ಪುಟದಲ್ಲಿ ‘ಈ ಬಗ್ಗೆ ನಡೆದಿರುವ ಅಧ್ಯಯನಗಳು ಬಹಳ ವಿರಳ’ ಎಂಬ ವಾಕ್ಯವಿತ್ತು.

ಈ ವಾಕ್ಯ ಕಂಡರೆ ನನ್ನ ಕಿವಿ ನೆಟ್ಟಗಾಗುತ್ತದೆ. ಇಪ್ಪತ್ತು ವರ್ಷಗಳಿಂದ ಆರೋಗ್ಯ ವಿಜ್ಞಾನದ ಗ್ರಂಥಾಲಯದಲ್ಲಿದ್ದೇನೆ. ಅಧ್ಯಯನಗಳೇ ಇಲ್ಲ ಎಂದವರಲ್ಲಿ ಹೆಚ್ಚಿನವರು ಸರಿಯಾಗಿ ಹುಡುಕಿರುವುದಿಲ್ಲ.

“ಎಷ್ಟು ಸಿಕ್ಕವು ಡಾಕ್ಟರೇ?” ಎಂದೆ.

“ಹನ್ನೊಂದು, ಮೇಡಂ.”

“ಯಾವ ಪದ ಹಾಕಿ ಹುಡುಕಿದಿರಿ?”

ಮಂಕಿ ಫೀವರ್, ವ್ಯಾಕ್ಸಿನ್, ಶಿವಮೊಗ್ಗ. ಮೂರೂ ಇಂಗ್ಲಿಷಿನಲ್ಲಿ, ಮೂರೂ ಒಟ್ಟಿಗೆ.

ಕುರ್ಚಿ ತೋರಿಸಿದೆ. ಈ ಮೂರು ಪದಗಳಲ್ಲಿ ಎರಡು ಅವರ ಕೈಕೊಟ್ಟಿದ್ದವು.

ಮೊದಲು ಊರಿನ ಹೆಸರು. ಇಂಗ್ಲಿಷಿನಲ್ಲಿ ‘ಶಿವಮೊಗ್ಗ’ ಎಂಬ ಕಾಗುಣಿತ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲು ಬಂದ ಲೇಖನಗಳಲ್ಲಿ ಇರುವುದು ‘ಶಿಮೊಗಾ’. ಇನ್ನೂ ಹಿಂದೆ ಹೋದರೆ ರಾಜ್ಯದ ಹೆಸರೇ ಬೇರೆ. 1973ರವರೆಗೆ ಅದು ಮೈಸೂರು ರಾಜ್ಯ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಕಾಡಂಚಿನ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದ್ದು 1957ರಲ್ಲಿ. ಮಂಗ ಸಾಯುತ್ತಿರುವುದನ್ನು ನೋಡಿ ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂದು ಮೊದಲು ಶಂಕಿಸಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ವೈರಸ್ಸನ್ನು ಬೇರ್ಪಡಿಸಿ, ರಕ್ತ ಹೀರುವ ಉಣ್ಣೆಹುಳದಿಂದ ಹರಡುವ ಹೊಸ ರೋಗವಿದು ಎಂದು ತೋರಿಸಿದರು. ಆ ಕಾಲದ ವರದಿಗಳ ಶೀರ್ಷಿಕೆಗಳಲ್ಲಿ ‘ಶಿಮೊಗಾ ಡಿಸ್ಟ್ರಿಕ್ಟ್, ಮೈಸೂರ್ ಸ್ಟೇಟ್’ ಎಂದೇ ಇರುತ್ತದೆ. ಇಂದಿನ ಹೆಸರು ಹಿಡಿದು ಹೊರಟವರಿಗೆ ಅವು ಸಿಗುವುದು ಹೇಗೆ?

ಎರಡನೆಯದು ರೋಗದ ಹೆಸರು. ಮಂಗನ ಕಾಯಿಲೆ ಎನ್ನುವುದು ಮಲೆನಾಡಿನ ಮಾತು. ಅದರ ಇಂಗ್ಲಿಷ್ ರೂಪವನ್ನು ಪತ್ರಿಕೆಗಳು ಬಳಸುತ್ತವೆ. ವೈದ್ಯಕೀಯ ಬರಹದಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ, ಚಿಕ್ಕದಾಗಿ ಕೆ.ಎಫ್.ಡಿ. ಕನ್ನಡದಲ್ಲಂತೂ ಮಂಗನ ಹೆಸರು ಇನ್ನಷ್ಟು ಗೋಜಲು. ಮಂಗನ ಬಾವು ಎಂದರೆ ಗದ್ದ ಊದುವ ಮಮ್ಸ್. ಅದಕ್ಕೂ ಮಂಗನಿಗೂ ಸಂಬಂಧವಿಲ್ಲ. ಸಾಲದ್ದಕ್ಕೆ ಮಂಕಿಪಾಕ್ಸ್ ಬಂತು. 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ‘ಎಂಪಾಕ್ಸ್’ ಎಂದು ಕರೆಯೋಣ ಎಂದಿತು. ಮಂಗ ಎಂದು ಹುಡುಕಿದವರ ಮುಂದೆ ಈ ಎಲ್ಲವೂ ಸಂತೆಯಂತೆ ಸೇರಿಬಿಡುತ್ತವೆ.

ಈ ತೊಡಕಿಗೆ ನಮ್ಮ ಕಸುಬಿನಲ್ಲಿ ಒಂದು ಹಳೆಯ ಪರಿಹಾರವಿದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಿಂದ ‘ಮೆಶ್’ ಎಂಬ ಪದಕೋಶವನ್ನು ಸಾಕಿಕೊಂಡು ಬಂದಿದೆ. ಒಂದು ಸಂಗತಿಗೆ ಹತ್ತು ಹೆಸರಿದ್ದರೂ ಅಧಿಕೃತ ಶೀರ್ಷಿಕೆ ಒಂದೇ. ಉಳಿದ ಹೆಸರುಗಳೆಲ್ಲ ಅದರ ಕಡೆಗೆ ಬೆರಳು ತೋರಿಸುತ್ತವೆ. ಇಂಥ ಸುಮಾರು 30,000 ಶೀರ್ಷಿಕೆಗಳಿವೆ, ವಂಶವೃಕ್ಷದಂತೆ ಕೊಂಬೆ ಕೊಂಬೆಯಾಗಿ. ಆ ಗ್ರಂಥಾಲಯದ ಲೇಖನಸೂಚಿ ಮೆಡ್‌ಲೈನ್‌ಗೆ ಸೇರುವ ಪ್ರತಿ ಲೇಖನಕ್ಕೂ ಅವುಗಳಲ್ಲಿ ಕೆಲವನ್ನು ಅಂಟಿಸುತ್ತಾರೆ. ಹಿಂದೆ ಲೇಖನ ಓದಿ ಅಂಟಿಸುವ ಕೆಲಸವನ್ನು ಜನರೇ ಮಾಡುತ್ತಿದ್ದರು. 2022ರಿಂದ ಯಂತ್ರ ಮಾಡುತ್ತದೆ, ಜನ ಮೇಲ್ವಿಚಾರಣೆ ಮಾಡುತ್ತಾರೆ. ಕ್ಯಾಸನೂರಿನ ಕಾಯಿಲೆಗೂ ಅಲ್ಲಿ ತನ್ನದೇ ಶೀರ್ಷಿಕೆ ಇದೆ. ಸೊರಬದ ಒಂದು ಕಾಡಿನ ಹೆಸರು ಮೇರಿಲ್ಯಾಂಡ್‌ನಲ್ಲಿ ಕುಳಿತ ಪದಕೋಶದಲ್ಲಿದೆ ಎಂದು ಆ ಹುಡುಗನಿಗೆ ತೋರಿಸಿದಾಗ ಅವರ ಮುಖ ಅರಳಿತು. ನನಗೂ ಪ್ರತಿ ಸಲ ಅದೇ ಖುಷಿ.

ಇನ್ನೊಂದು ಒಳಗುಟ್ಟು ಹೇಳಬೇಕು. ಮೆಡ್‌ಲೈನನ್ನು ಹುಡುಕಲು ನಾವು ಬಳಸುವ ಜಾಲತಾಣ ಪಬ್‌ಮೆಡ್‌ನಲ್ಲಿ 1975ಕ್ಕಿಂತ ಹಿಂದಿನ ಲೇಖನಗಳಿಗೆ ಸಾಮಾನ್ಯವಾಗಿ ಸಾರಾಂಶ ಇರುವುದಿಲ್ಲ. ಶೀರ್ಷಿಕೆ, ಲೇಖಕರು, ಮೆಶ್ ಪದಗಳು, ಅಷ್ಟೇ. ಹೊಸ ಲೇಖನವಾದರೆ ನೀವು ಹಾಕಿದ ಪದ ಇನ್ನೂರೈವತ್ತು ಪದಗಳ ಸಾರಾಂಶದಲ್ಲಿ ಎಲ್ಲಾದರೂ ತಾಗೀತು. ಹಳೆಯದರಲ್ಲಿ ತಾಗುವುದಕ್ಕೆ ಜಾಗವೇ ಇಲ್ಲ. ಹಾಗಾಗಿ ಯಾರೂ ಬಚ್ಚಿಡದಿದ್ದರೂ ಹಳೆಯ ಜ್ಞಾನ ತಾನಾಗಿಯೇ ಮರೆಯಾಗುತ್ತದೆ.

ಪದಗಳನ್ನು ಬದಲಿಸಿ, ‘ಅಥವಾ’ ಹಾಕಿ ಜೋಡಿಸಿ, ಮೆಶ್ ಸೇರಿಸಿ ಮತ್ತೆ ಹುಡುಕಿದೆವು. 1962ರ ಒಂದು ಲೇಖನ ಎದ್ದು ಬಂತು. ಕ್ಯಾಸನೂರಿನ ವೈರಸ್ಸು ರಷ್ಯಾದ ವಸಂತ-ಬೇಸಿಗೆ ಮಿದುಳು ಜ್ವರದ ವೈರಸ್ಸಿಗೆ ದಾಯಾದಿ. ಆದ್ದರಿಂದ ಆ ರೋಗಕ್ಕಿದ್ದ ಲಸಿಕೆಯನ್ನೇ ಮಲೆನಾಡಿನ ಜನರಿಗೆ ಕೊಟ್ಟು ನೋಡಿದ್ದರು, ಅದು ಕಾಪಾಡಲಿಲ್ಲ. ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿದ ವೈರಸ್ಸಿನಿಂದ ನಮ್ಮದೇ ಲಸಿಕೆ ಆದದ್ದು ಆಮೇಲೆ. ಲಸಿಕೆಯ ಬಗ್ಗೆ ಮಲೆನಾಡಿನ ಜನರ ಅನುಭವ ಎಂದು ಪ್ರಬಂಧ ಬರೆಯುವವರು ಆ ಮೊದಲ ಲಸಿಕೆಯನ್ನೇ ಬಿಟ್ಟರೆ ಕಥೆ ನಡುವಿನಿಂದ ಶುರುವಾದಂತೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಜ್ಜಿ ಒಂದು ಹಳೆಯ ಸೂಜಿಯ ಸುದ್ದಿ ಹೇಳುತ್ತಿದ್ದರು ಮೇಡಂ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ” ಎಂದರು.

ಹಳೆಯದನ್ನು ಬಿಟ್ಟರೆ ಸಿನಾಪ್ಸಿಸ್ ಸಪ್ಪೆಯಾಗುತ್ತದೆ, ಅಷ್ಟೇ ತಾನೆ ಎನ್ನುವವರಿಗೆ ನಾನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಕರಣ ಹೇಳುತ್ತೇನೆ. ಹೊಸ ಪಿಜಿಗಳಿಗೆ ಪ್ರತಿ ವರ್ಷ ಕೊಡುವ ತರಬೇತಿಯಲ್ಲಿ ಇದೊಂದನ್ನು ಮಾತ್ರ ನಿಧಾನವಾಗಿ, ಪರದೆಯ ಮೇಲೆ ಏನನ್ನೂ ತೋರಿಸದೆ ಹೇಳುತ್ತೇನೆ. 2001ರಲ್ಲಿ ಅಲ್ಲಿ ಅಸ್ತಮಾ ಕುರಿತು ಒಂದು ಅಧ್ಯಯನ ನಡೆಯುತ್ತಿತ್ತು. ಆರೋಗ್ಯವಂತ ಸ್ವಯಂಸೇವಕರು ಹೆಕ್ಸಾಮಿಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಒಳಗೆಳೆದುಕೊಳ್ಳಬೇಕಿತ್ತು. ಎಲೆನ್ ರೋಚ್ ಎಂಬ 24 ವರ್ಷದ ಯುವತಿ, ಅದೇ ಸಂಸ್ಥೆಯ ಪ್ರಯೋಗಾಲಯದ ತಂತ್ರಜ್ಞೆ, ಸ್ವಯಂಸೇವಕಿಯಾಗಿ ಸೇರಿದರು. ಕೆಮ್ಮು ಶುರುವಾಯಿತು, ಶ್ವಾಸಕೋಶ ಕೈಕೊಟ್ಟಿತು, ಜೂನ್ ತಿಂಗಳಲ್ಲಿ ತೀರಿಕೊಂಡರು. ಸಂಶೋಧಕರು ಪಬ್‌ಮೆಡ್‌ನಲ್ಲಿ ಹುಡುಕಿಯೇ ಇದ್ದರು. ಆದರೆ ಅಂದಿನ ಪಬ್‌ಮೆಡ್ 1966ರಿಂದ ಈಚಿನದನ್ನು ಮಾತ್ರ ತೋರಿಸುತ್ತಿತ್ತು. ಆ ರಾಸಾಯನಿಕದಿಂದ ಶ್ವಾಸಕೋಶಕ್ಕೆ ಆಗುವ ಹಾನಿಯ ವರದಿಗಳು ಇದ್ದದ್ದು 1950ರ ದಶಕದ ಜರ್ನಲ್‌ಗಳಲ್ಲಿ. ಜುಲೈ ತಿಂಗಳಲ್ಲಿ ಅಮೆರಿಕ ಸರ್ಕಾರ ಆ ವಿಶ್ವವಿದ್ಯಾಲಯದಲ್ಲಿ ತನ್ನ ಹಣದಿಂದ ಮನುಷ್ಯರ ಮೇಲೆ ನಡೆಯುತ್ತಿದ್ದ ಹೆಚ್ಚುಕಡಿಮೆ ಎಲ್ಲ ಸಂಶೋಧನೆಯನ್ನೂ ಕೆಲವು ದಿನ ನಿಲ್ಲಿಸಿತು.

ಇದನ್ನು ಹೇಳಿ ಮುಗಿಸಿದ ಮೇಲೆ ಸಾಮಾನ್ಯವಾಗಿ ಯಾರೂ ಮೊಬೈಲ್ ನೋಡುತ್ತಿರುವುದಿಲ್ಲ.

ನಮ್ಮ ವೃತ್ತಿಯ ಹಿರಿಯರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುವುದು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, 1962ರಲ್ಲಿ ಇಲ್ಲಿ ಕಟ್ಟಿದ ಪ್ರಲೇಖನ (ಡಾಕ್ಯುಮೆಂಟೇಶನ್) ಕೇಂದ್ರದಲ್ಲಿ. ನಾವೆಲ್ಲ ಅವರ ನೆರಳಿನವರೇ. ಆದರೂ ಒಂದು ಸಣ್ಣ ತಕರಾರು ನನ್ನದಿದೆ: ವೈದ್ಯಕೀಯ ಗ್ರಂಥಾಲಯದಲ್ಲಿ ಎಷ್ಟೋ ಸಲ ನನ್ನ ಕೆಲಸ ಓದುಗರ ಸಮಯವನ್ನು ಖರ್ಚು ಮಾಡಿಸುವುದು. ಹತ್ತು ನಿಮಿಷದಲ್ಲಿ ಮುಗಿಸಲು ಬಂದವರನ್ನು ಎರಡು ಗಂಟೆ ಕೂರಿಸುವುದು. ಅವರು ಬೈದುಕೊಂಡೇ ಕೂರುತ್ತಾರೆ.

ನಿಜವಾಗಿ ಸಮಯ ಉಳಿಸಬೇಕಾದದ್ದು ವಾರ್ಡಿನಿಂದ ಕರೆ ಬಂದಾಗ. ಹೆರಿಗೆ ವಾರ್ಡಿನಿಂದ ಕಿರಿಯ ವೈದ್ಯೆ ಕೇಳುತ್ತಾರೆ: ಹಾಲುಣಿಸುವ ತಾಯಿಗೆ ಮೂರ್ಛೆ ರೋಗ, ಈ ಮಾತ್ರೆ ಎದೆಹಾಲಿನಲ್ಲಿ ಎಷ್ಟು ಸೇರುತ್ತದೆ? ಇದಕ್ಕೆ ಲ್ಯಾಕ್ಟ್‌ಮೆಡ್ ಎಂಬ ಉಚಿತ ದತ್ತಸಂಚಯವೇ ಇದೆ. ಐದು ನಿಮಿಷದಲ್ಲಿ ಆ ಪುಟವನ್ನೂ ಅದರ ಹಿಂದಿನ ಒಂದೆರಡು ಮೂಲ ಲೇಖನಗಳನ್ನೂ ಕಳಿಸುತ್ತೇನೆ. ಕೊಡಿ ಎಂದಾಗಲಿ ಬೇಡ ಎಂದಾಗಲಿ ಹೇಳುವುದಿಲ್ಲ. ಆ ಗೆರೆ ದಾಟಬಾರದು. ನಾನು ನೋಡಿರುವುದು ಲೇಖನವನ್ನು, ಆ ತಾಯಿಯನ್ನಲ್ಲ. ಗ್ರಂಥಪಾಲಕರು ವಾರ್ಡಿನ ರೌಂಡ್ಸ್‌ಗೇ ಹೋಗುವ ಪದ್ಧತಿ ಅಮೆರಿಕದ ಮಿಸೌರಿಯಲ್ಲಿ 1971ರ ಹೊತ್ತಿಗೇ ಶುರುವಾಗಿತ್ತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ನಡೆದ, 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗ್ರಂಥಾಲಯ ಕೊಟ್ಟ ಮಾಹಿತಿಯಿಂದ ರೋಗಿಯ ಆರೈಕೆಯಲ್ಲಿ ಏನಾದರೊಂದನ್ನು ಬದಲಿಸಿದೆವು ಎಂದವರು ಉತ್ತರಿಸಿದ ವೈದ್ಯರಲ್ಲಿ ಶೇ. 80. ನಮ್ಮಲ್ಲಿ ಗ್ರಂಥಪಾಲಕಿ ವಾರ್ಡಿಗೆ ಬಂದರೆ ಬಾಕಿ ಪುಸ್ತಕ ವಸೂಲಿಗೆ ಬಂದಿದ್ದಾರೆ ಎಂದೇ ತಿಳಿಯುತ್ತಾರೆ.

ಈಚೆಗೆ ಹೊಸದೊಂದು ಕೆಲಸ ಹೆಗಲೇರಿದೆ: ಇಲ್ಲದ ಲೇಖನಗಳನ್ನು ಹುಡುಕಿಕೊಡುವುದು. ಹೋದ ಜೂನ್‌ನಲ್ಲಿ ಒಬ್ಬರು 22 ಉಲ್ಲೇಖಗಳ ಪಟ್ಟಿ ತಂದು, ಆರಕ್ಕೆ ಪೂರ್ಣಪಾಠ ಸಿಗುತ್ತಿಲ್ಲ, ತರಿಸಿಕೊಡಿ ಎಂದರು. ಮೊದಲನೆಯದನ್ನು ನೋಡಿದೆ. ಲೇಖಕರು ನಿಜ, ಆ ಕ್ಷೇತ್ರದವರೇ. ಜರ್ನಲ್ ನಿಜ. ಸಂಪುಟ, ವರ್ಷ ತಾಳೆಯಾಗುತ್ತವೆ. ಆ ಪುಟ ತೆರೆದರೆ ಅಲ್ಲಿ ಬೇರೆ ಯಾರದೋ ಲೇಖನ ನಡುವಿನಲ್ಲಿದೆ. ಪ್ರತಿ ಲೇಖನಕ್ಕೂ ಇರುವ ಗುರುತಿನ ಸಂಖ್ಯೆ, ಡಿ.ಓ.ಐ., ಹಾಕಿದರೆ ಎಲ್ಲಿಗೂ ಹೋಗಲಿಲ್ಲ. ಆರೂ ಹಾಗೆಯೇ. ಚಾಟ್‌ಬಾಟ್ ಹೆಣೆದ ಉಲ್ಲೇಖಗಳಿಗೆ ಒಂದು ಲಕ್ಷಣವಿದೆ: ಅವುಗಳ ಶೀರ್ಷಿಕೆ ನಿಮ್ಮ ಪ್ರಶ್ನೆಗೆ ಅಳತೆ ತೆಗೆದು ಹೊಲಿದ ಅಂಗಿಯಂತೆ ಕೂರುತ್ತದೆ. ನಿಜವಾದ ಲೇಖನ ಹಾಗೆ ಕೂರುವುದಿಲ್ಲ; ತೋಳು ಉದ್ದ, ಕುತ್ತಿಗೆ ಬಿಗಿ. ವಿದ್ಯಾರ್ಥಿಯನ್ನು ಗದರಲಿಲ್ಲ. ಅವರಿಗೆ ಮೋಸ ಮಾಡುವ ಮನಸ್ಸಿರಲಿಲ್ಲ. ಇದ್ದಿದ್ದರೆ ಪೂರ್ಣಪಾಠ ಕೇಳಿಕೊಂಡು ನನ್ನ ಬಳಿ ಬರುತ್ತಿರಲೇ ಇಲ್ಲ. ನನಗೆ ಹೆಚ್ಚು ಭಯ ಬಾರದೇ ಇರುವವರ ಬಗ್ಗೆ.

ನಿಜವಾಗಿ ಇರುವ ಲೇಖನವೂ ಬಲಿಷ್ಠ ಎಂದೇನಿಲ್ಲ. ದಡಾರ, ಮಂಗನ ಬಾವು, ರುಬೆಲ್ಲಾಗಳಿಗೆ ಕೊಡುವ ಎಂ.ಎಂ.ಆರ್. ಲಸಿಕೆಯನ್ನು ಆಟಿಸಂಗೆ ತಳಕು ಹಾಕಿದ 1998ರ ಲೇಖನವನ್ನು ವೈದ್ಯಕೀಯ ಜರ್ನಲ್ ‘ಲ್ಯಾನ್ಸೆಟ್’ 2010ರಲ್ಲಿ ಹಿಂತೆಗೆದುಕೊಂಡಿತು. ಹನ್ನೆರಡು ವರ್ಷ ಅದು ಮರ್ಯಾದಸ್ಥರ ಸಾಲಿನಲ್ಲೇ ಕುಳಿತಿತ್ತು. ಪಬ್‌ಮೆಡ್ ಈಗ ಅದರ ಮೇಲೆ ಎಚ್ಚರಿಕೆಯ ಪಟ್ಟಿ ತೋರಿಸುತ್ತದೆ. ಆದರೆ ಗೆಳೆಯರು ಕಳಿಸಿದ ಪಿಡಿಎಫ್‌ನಲ್ಲಿ ಆ ಪಟ್ಟಿ ಇರುವುದಿಲ್ಲ.

ಚಂದಾ, ಬಜೆಟ್ಟುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ನಮ್ಮ ನಿತ್ಯದ ಗೋಳು. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಶುರುವಾಗಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಸಂಸ್ಥೆಗಳಿಗೆ ತೆರೆದುಕೊಂಡಿವೆ. ಖಾಸಗಿ ವೈದ್ಯಕೀಯ ಕಾಲೇಜಿನ ನನ್ನ ಸಹೋದ್ಯೋಗಿಗಳು ಬೇಲಿಯಾಚೆ ನಿಂತಿದ್ದಾರೆ. ಇಷ್ಟೆಲ್ಲ ಬಾಗಿಲು ತೆರೆದರೂ 1962ರ ಆ ಲೇಖನದ ಪೂರ್ಣಪಾಠ ಆ ದಿನ ನಮಗೆ ಪರದೆಯ ಮೇಲೆ ಸಿಗಲಿಲ್ಲ. ನೆಲಮಾಳಿಗೆಗೆ ಇಳಿದು, ಕಂದು ರಟ್ಟು ಹಾಕಿದ ಬೌಂಡ್ ಸಂಪುಟಗಳ ಸಾಲಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಜರ್ನಲಿನ ಐವತ್ತನೆಯ ಸಂಪುಟ ಹುಡುಕಬೇಕಾಯಿತು. ಬೆನ್ನಿನ ಮೇಲಿನ ಚಿನ್ನದ ಅಕ್ಷರ ಉದುರಿ ಹೋಗಿ, ಅಕ್ಕಪಕ್ಕದ ಸಂಪುಟಗಳನ್ನು ಎಣಿಸಿ ಪತ್ತೆ ಮಾಡಿದೆವು. ಎರಡು ವರ್ಷದ ಹಿಂದೆ ಜಾಗ ಸಾಲದು ಎಂದು ಈ ಸಾಲನ್ನೇ ರದ್ದಿಗೆ ಹಾಕುವ ಪ್ರಸ್ತಾವ ಬಂದಿತ್ತು. ಕಡತವನ್ನು ನಾನು ಸ್ವಲ್ಪ ನಿಧಾನವಾಗಿ ಓದಿದೆ, ಇನ್ನೂ ಓದುತ್ತಿದ್ದೇನೆ.

ಆ ವಿದ್ಯಾರ್ಥಿಯ ಪಟ್ಟಿ ಹನ್ನೊಂದರಿಂದ ಅರವತ್ತು ದಾಟಿತು. ‘ಬಹಳ ವಿರಳ’ ಎಂಬ ವಾಕ್ಯ ಹೋಗಿ, ಎಲ್ಲಿ, ಯಾವ ದಿನ, ಯಾವ ಪದಗಳಿಂದ ಹುಡುಕಿದೆವು ಎಂಬ ಪ್ಯಾರಾ ಬಂತು. ಕೊನೆಯಲ್ಲಿ ಮುಖ್ಯ ಪದಗಳ ಸಾಲಿನಲ್ಲಿ ಅವರು ಕ್ಯಾಸನೂರು ಕಾಡಿನ ಕಾಯಿಲೆ, ಮಂಕಿ ಫೀವರ್, ಶಿವಮೊಗ್ಗ, ಶಿಮೊಗಾ ಎಂದು ನಾಲ್ಕನ್ನೂ ಬರೆದಿದ್ದರು. ನಾನು ಹೇಳಿಕೊಟ್ಟದ್ದಲ್ಲ. ಮುಂದೆ ಹುಡುಕುವವರು ಯಾವ ಹೆಸರಿನಲ್ಲಿ ಬರುತ್ತಾರೋ ಎಂದು ತಾವೇ ಯೋಚಿಸಿದ್ದರು.

ಗಡುವಿನ ಹಿಂದಿನ ದಿನ ಪ್ರತಿ ಮಾರ್ಗದರ್ಶಕರಿಂದ ತಿದ್ದಿಸಿಕೊಂಡು ನನ್ನ ಮೇಜಿಗೆ ಬಂತು. ‘ಶಿಮೊಗಾ’ ಎಂಬುದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ‘ಹಳೆಯ ಹೆಸರು, ತೆಗೆಯಿರಿ’. ಆ ಗೆರೆಯ ಕೆಳಗೆ ಪೆನ್ಸಿಲಿನಲ್ಲಿ ‘ಇರಲಿ’ ಎಂದು ಬರೆದು, ಸಹಿ ಹಾಕಿ, ವಾಪಸ್ ಕಳಿಸಿದೆ.