‘ಹತ್ತು ಪಟ್ಟು ವೇಗ’ಕ್ಕೆ ಪೇಟೆಂಟ್ ಇಲ್ಲ

ಎಚ್‌ಎಸ್‌ಆರ್ ಬಡಾವಣೆಯಿಂದ ಬಂದವರಿರಲಿ, ವೈಟ್‌ಫೀಲ್ಡಿನಿಂದ ಟ್ರಾಫಿಕ್ಕಿನಲ್ಲಿ ಬೆಂದು ಬಂದವರಿರಲಿ, ಲ್ಯಾಪ್‌ಟಾಪ್ ತೆರೆದು ನನಗೆ ಮೊದಲು ತೋರಿಸುವುದು ಎರಡು ಕಂಬಗಳ ಚಿತ್ರ. ಗಿಡ್ಡ ಕಂಬ ಹಳೆಯ ಸರ್ವರ್, ಎತ್ತರದ್ದು ಇವರದು. “ಹತ್ತು ಪಟ್ಟು ವೇಗ ಸರ್, ಪೇಟೆಂಟ್ ಮಾಡಿಸಿಕೊಡಿ.” ಪೇಟೆಂಟ್ ಏಜೆಂಟನಾಗಿ ಈ ಕಂಬಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ವೇಗ ಎನ್ನುವುದು ಫಲ. ಕಾನೂನು ಕೇಳುವುದು ಆ ಫಲ ಬಂದ ದಾರಿಯನ್ನು. ಸಂದೇಶ ಸರ್ವರಿಗೆ ಬಂದಾಗಿನಿಂದ ಹೊರಹೋಗುವ ತನಕ ಒಳಗೆ ಏನು ನಡೆಯುತ್ತದೆ? ಮೊದಲು ಏನು ನಡೆಯುತ್ತಿತ್ತು? ನೀವು ಯಾವ ಹೆಜ್ಜೆಯನ್ನು ಬದಲಿಸಿದಿರಿ? ಅದರಿಂದ ಮೆಮೊರಿಗೋ ಪ್ರೊಸೆಸರಿಗೋ ನೆಟ್‌ವರ್ಕಿಗೋ ಯಾವ ಕೆಲಸ ಉಳಿಯಿತು? ಇಷ್ಟನ್ನು ಬರೆದುಕೊಡಿ ಎಂದರೆ “ಕೋಡ್ ಕಳುಹಿಸುತ್ತೇನೆ” ಎನ್ನುತ್ತಾರೆ. ಕೋಡಿಗೆ ಕೃತಿಸ್ವಾಮ್ಯದ ಕಾನೂನು ಬೇರೆಯೇ ಇದೆ. ಅಲ್ಲಿ ಅದು ಕವಿತೆ, ಕಾದಂಬರಿಗಳ ಸಾಲಿನಲ್ಲಿ ಸಾಹಿತ್ಯ ಕೃತಿ! ನನಗೆ ಬೇಕಾದದ್ದು ಕೋಡ್ ಮಾಡಿಸುವ ಕೆಲಸದ ವಿವರ. ಇದನ್ನು ದಿನಕ್ಕೆರಡು ಸಲ ಹೇಳುತ್ತೇನೆ. ತಲೆಯಾಡಿಸಿ ಹೋದವರು ಮರುದಿನ ಮತ್ತಷ್ಟು ಕಂಬಗಳನ್ನು ಕಳುಹಿಸುತ್ತಾರೆ.

ಭಾರತದಲ್ಲಿ ಸಾಫ್ಟ್‌ವೇರಿಗೆ ಪೇಟೆಂಟೇ ಇಲ್ಲವಂತೆ ಎಂದು ಕೈಚೆಲ್ಲುವವರೂ ಇದ್ದಾರೆ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಹೊರಗಿಡುವುದು ಗಣಿತ ಮತ್ತು ವ್ಯವಹಾರದ ವಿಧಾನಗಳನ್ನು, ಅಲ್ಗಾರಿದಂಗಳನ್ನು, ಮತ್ತು ಕಂಪ್ಯೂಟರ್ ಪ್ರೋಗ್ರಾಂ ‘ಪರ್ ಸೆ’ಯನ್ನು, ಅಂದರೆ ಬರಿಯ ಪ್ರೋಗ್ರಾಮನ್ನು. ಪ್ರೋಗ್ರಾಂ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ತಾಂತ್ರಿಕ ಪರಿಣಾಮವನ್ನು ನೋಡಬೇಕು ಎಂದು ದೆಹಲಿ ಹೈಕೋರ್ಟ್ 2019ರಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ನಿಮ್ಮ ಅರ್ಜಿಯನ್ನು ಪೇಟೆಂಟ್ ಕಚೇರಿಯ ಪರೀಕ್ಷಕರು ಒಪ್ಪಿಯೇ ಒಪ್ಪುತ್ತಾರೆಂದು ನಾನು ಮಾತು ಕೊಡಲಾರೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಅರ್ಜಿ ಸಲ್ಲಿಸಿ 18 ತಿಂಗಳು ಕಳೆದು ಪ್ರಕಟವಾಗಿದೆ, ಆದ್ದರಿಂದ ಹೇಳಬಹುದು. ಆದರೂ ವಿವರಗಳನ್ನು ತುಸು ಬದಲಿಸಿದ್ದೇನೆ. ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ತಂದೆಯನ್ನೂ ಕರೆತಂದಿದ್ದ. ಅವನ ಸರ್ವರ್ ಸಣ್ಣ ಸಂದೇಶಗಳನ್ನು ಒಟ್ಟುಗೂಡಿಸಿ ಒಂದೇ ಸಲ ಕಳುಹಿಸುತ್ತದಂತೆ. ತಂದೆ ನಡುವೆ ಬಾಯಿಹಾಕಿದರು: “ಅಲ್ಲಪ್ಪಾ, ಅಂಚೆಯವನು ಒಂದೊಂದು ಕಾಗದಕ್ಕೂ ಒಂದೊಂದು ಸಲ ಸೈಕಲ್ ಹತ್ತುತ್ತಾನೆಯೇ?” ನಾನು ಹೇಳಬೇಕಿದ್ದದ್ದನ್ನು ಅವರೇ ಹೇಳಿಬಿಟ್ಟರು. ನೆಟ್‌ವರ್ಕಿನಲ್ಲಿ ಸಣ್ಣ ಡೇಟಾ ಪ್ಯಾಕೆಟ್ಟುಗಳನ್ನು ಕೂಡಿಸಿ ಕಳುಹಿಸುವ ಉಪಾಯವನ್ನು ಜಾನ್ ನೇಗಲ್ ಎಂಬ ಕಂಪ್ಯೂಟರ್ ತಜ್ಞರು 1984ರಲ್ಲೇ ಬರೆದು ಪ್ರಕಟಿಸಿದ್ದರು. ಹಾಗಾಗಿ ಅದು ಹೊಸದಲ್ಲ.

ಹುಡುಗನ ಮುಖ ಬಾಡಿತು. ಕಾಫಿ ತರಿಸಿ ಕೇಳಿದೆ: “ಕೂಡಿಸುವುದಕ್ಕೆ ಎಷ್ಟು ಹೊತ್ತು ಕಾಯುತ್ತೀರಿ?” “ಅದು ಚಿಕ್ಕ ವಿಷಯ ಸರ್” ಎಂದ. ಬಿಡಿಸಿ ಹೇಳಿಸಿದಾಗ ಗೊತ್ತಾಯಿತು: ಸಂದೇಶ ಪಡೆಯುವ ಆ ಕಡೆಯ ಯಂತ್ರ ‘ತಲುಪಿತು’ ಎಂದು ಕಳುಹಿಸುವ ಪ್ರತಿ ರಸೀದಿಯ ಜೊತೆಗೂ ತನ್ನ ಮುಂದೆ ಕಾಯುತ್ತಿರುವ ಸಂದೇಶಗಳ ಸಾಲು ಎಷ್ಟು ಉದ್ದ, ಅದು ಬೆಳೆಯುತ್ತಿದೆಯೋ ಕರಗುತ್ತಿದೆಯೋ ಎಂಬುದನ್ನು ತಿಳಿಸುತ್ತದೆ, ಅದನ್ನು ನೋಡಿಕೊಂಡು ಈ ಕಡೆ ಪ್ರತಿ ಗ್ರಾಹಕರಿಗೂ ಬೇರೆ ಬೇರೆ ಅವಧಿ ಕಾಯಲಾಗುತ್ತದೆ. ಹಳೆಯ ದಾಖಲೆಗಳನ್ನು ಜಾಲಾಡದೆ ಯಾವುದನ್ನೂ ಹೊಸದೆನ್ನಬಾರದು. ಆದರೆ ಹುಡುಕಲು ಯೋಗ್ಯವಾದದ್ದು ಅದೊಂದೇ ಆಗಿತ್ತು, ಅವನ ನಲವತ್ತು ಪುಟಗಳ ಸ್ಲೈಡುಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಅರ್ಜಿಯ ಕರಡು ಮೂರು ಸಲ ಹೋಗಿ ಬಂತು. ಮೂರು ಸಲವೂ ಶೀರ್ಷಿಕೆಯಿಂದ ‘ಅತಿವೇಗದ’ ಎಂಬ ಪದವನ್ನು ಹೊಡೆದುಹಾಕಿದೆ. ಮೂರು ಸಲವೂ ಅದು ಮರಳಿ ಬಂತು. ಕೊನೆಗೆ ತಂದೆಯವರೇ ಫೋನ್ ಮಾಡಿದರು: “ನೀವು ತೆಗೆದುಬಿಡಿ ಸ್ವಾಮಿ. ಅವನಿಗೆ ನಾನು ಹೇಳಿಕೊಳ್ಳುತ್ತೇನೆ.”